ಬರೆದುಕೊಟ್ಟ ಚೀಟಿಯ ಬೆನ್ನು ಹತ್ತಿ

2010ರಲ್ಲಿ ಹೂವಿನಹಡಗಲಿ ತಾಲ್ಲೂಕಿನ ಬಿಪಿಎಲ್ ಕಾರ್ಡಿನ ರೈತನೊಬ್ಬನಿಗೆ ಹೃದಯದ ಕವಾಟ ಕೆಟ್ಟರೆ ಕೈಯಿಂದ ಕಾಸು ಬಿಚ್ಚದೆ ಆಪರೇಷನ್ ಮಾಡಿಸಿಕೊಳ್ಳುವ ದಾರಿಯಿತ್ತು. ಬದುವಿನಾಚೆ ಹರಪನಹಳ್ಳಿ ತಾಲ್ಲೂಕಿನಲ್ಲಿ ಅದೇ ಕಾರ್ಡು, ಅದೇ ಕಾಯಿಲೆ ಇದ್ದವನಿಗೆ ಆ ದಾರಿ ಇರಲಿಲ್ಲ. ಇದಕ್ಕೆ ವೈದ್ಯಕೀಯ ಕಾರಣವೇನೂ ಇಲ್ಲ. ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಜಾರಿಯಾದದ್ದು ಗುಲ್ಬರ್ಗ ವಿಭಾಗದಲ್ಲಿ, ಆಮೇಲೆ ಬೆಳಗಾವಿ ವಿಭಾಗದಲ್ಲಿ. ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಮೂರೂ ಬಳ್ಳಾರಿ ಜಿಲ್ಲೆಯವು, ಹಾಗಾಗಿ ಗುಲ್ಬರ್ಗ ವಿಭಾಗದವು. ಕೊಟ್ಟೂರು ಆಗಿನ್ನೂ ಕೂಡ್ಲಿಗಿ ತಾಲ್ಲೂಕಿನೊಳಗೇ ಇತ್ತು. ಹರಪನಹಳ್ಳಿಯನ್ನು ಮಾತ್ರ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿಸಿದ್ದರು. ಅದು ಬೆಂಗಳೂರು ವಿಭಾಗ. ಯೋಜನೆ ಅಲ್ಲಿಗೆ ಬರಲು ಇನ್ನೂ ಕಾಯಬೇಕಿತ್ತು.

ಆಡಳಿತದ ಈ ಗೆರೆಯ ಮೇಲೆ ಕೆಲವು ಸಂಶೋಧಕರ ಕಣ್ಣು ಬಿತ್ತು. ನೀರಜ್ ಸೂದ್, ಬೆಂಗಳೂರು ಐಐಎಂನ ಅರ್ನಬ್ ಮುಖರ್ಜಿ ಮತ್ತು ಜೊತೆಗಾರರು ಗೆರೆಯ ಉತ್ತರಕ್ಕೆ 300, ದಕ್ಷಿಣಕ್ಕೆ 272 ಹಳ್ಳಿಗಳನ್ನು ಆಯ್ದುಕೊಂಡು ಮನೆಮನೆ ಲೆಕ್ಕ ತೆಗೆಸಿದರು. ಎರಡೂ ಕಡೆ ಮಳೆ ಒಂದೇ, ಬೆಳೆ ಒಂದೇ, ಬಡತನವೂ ಒಂದೇ. ಯೋಜನೆ ಮಾತ್ರ ಒಂದು ಕಡೆ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಬಂತು. ಯೋಜನೆ ವ್ಯಾಪ್ತಿಯ ಕಾಯಿಲೆಗಳಿಂದ ಸತ್ತವರ ಪ್ರಮಾಣ ಬಡ ಕುಟುಂಬಗಳಲ್ಲಿ ಗೆರೆಯ ಉತ್ತರಕ್ಕೆ ಶೇ 0.32, ದಕ್ಷಿಣಕ್ಕೆ ಶೇ 0.90. ಆಸ್ಪತ್ರೆಗೆ ಸೇರಿದಾಗ ಜೇಬಿನಿಂದ ಹೋಗುವ ಹಣವೂ ಸುಮಾರು ಮೂರನೇ ಒಂದು ಪಾಲು ಇಳಿದಿತ್ತು. ಸರ್ಕಾರಿ ವಿಮೆಯಿಂದ ಜೀವ ಉಳಿಯುತ್ತದೆಯೇ ಎಂಬ ವಾದ ಎಲ್ಲೇ ಎದ್ದರೂ ಇವತ್ತಿಗೂ ಈ ಅಧ್ಯಯನದ ಹೆಸರು ಬರುತ್ತದೆ.

ಹರಪನಹಳ್ಳಿ ಆಮೇಲೆ ಬಳ್ಳಾರಿಗೆ ಮರಳಿತು, ಹಿಂದುಳಿದ ಈ ಭಾಗಕ್ಕೆ ವಿಶೇಷ ಸವಲತ್ತು ಕೊಡುವ ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಗೂ ಬಂತು. 2018ರಲ್ಲಿ ಕೊಟ್ಟೂರು ತಾಲ್ಲೂಕಾಯಿತು. 2021ರಲ್ಲಿ ಐದೂ ತಾಲ್ಲೂಕುಗಳು ಹೊಸ ವಿಜಯನಗರ ಜಿಲ್ಲೆಯ ಪಾಲಾದವು. ಗೆರೆ ಅಳಿಸಿತು. ಆದರೆ ಆ ಅಧ್ಯಯನ ಕೇಳಿದ್ದು ದೊಡ್ಡ ಆಪರೇಷನ್‌ಗಳ ಪ್ರಶ್ನೆಯನ್ನು: ಹೃದಯ, ಕ್ಯಾನ್ಸರ್, ಮಿದುಳು, ಮೂತ್ರಪಿಂಡ ಇಂಥವು. ಹರ್ನಿಯಾ, ಅಪೆಂಡಿಕ್ಸ್, ಸಿಸೇರಿಯನ್ ಇವು ಅದರೊಳಗೆ ಇರಲಿಲ್ಲ. ಶೇಂಗಾ ಒಕ್ಕುವ ಯಂತ್ರಕ್ಕೆ ಸಿಕ್ಕ ಕೈಯ ಗತಿಯೇನು, ನಡುರಾತ್ರಿ ಹೆರಿಗೆ ನೋವಿನಲ್ಲಿ ಬಂದವಳನ್ನು ಎಲ್ಲಿಗೆ ಕಳಿಸಿದರು, ಕಳಿಸಿದ ಮೇಲೆ ಏನಾಯಿತು ಎಂದು ಅಷ್ಟು ಶಿಸ್ತಿನಿಂದ ಈ ಭಾಗದಲ್ಲಿ ಯಾರೂ ಕೇಳಿಲ್ಲ.

ಎರಡು ತಾಸಿನ ಲೆಕ್ಕ

ಬಡ ದೇಶಗಳ ಆರೋಗ್ಯ ಎಂದರೆ ಲಸಿಕೆ, ಮಲೇರಿಯಾ, ಕ್ಷಯ, ಏಡ್ಸ್ ಎಂದೇ ಜಗತ್ತು ಬಹಳ ಕಾಲ ತಿಳಿದಿತ್ತು. ಶಸ್ತ್ರಚಿಕಿತ್ಸೆ ಉಳ್ಳವರ ಬಾಬತ್ತು ಎಂಬ ಭಾವನೆ. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗ ಆ ಭಾವನೆಗೆ ಪೆಟ್ಟು ಕೊಟ್ಟಿತು. ಸುರಕ್ಷಿತವಾದ, ಕೈಗೆಟಕುವ ಶಸ್ತ್ರಚಿಕಿತ್ಸೆ ಸಿಗದವರು ಜಗತ್ತಿನಲ್ಲಿ 500 ಕೋಟಿ. ವರ್ಷಕ್ಕೆ ಇನ್ನೂ 14.3 ಕೋಟಿ ಶಸ್ತ್ರಚಿಕಿತ್ಸೆಗಳ ಕೊರತೆ. ಶಸ್ತ್ರಚಿಕಿತ್ಸೆ ಮತ್ತು ಅರಿವಳಿಕೆಯ ಬಿಲ್ಲು ಕಟ್ಟಿಯೇ ಮುರಿದುಬೀಳುವವರು ವರ್ಷಕ್ಕೆ 3.3 ಕೋಟಿ. ಒಂದು ಆಸ್ಪತ್ರೆಯ ಯೋಗ್ಯತೆ ಅಳೆಯಲು ಆಯೋಗ ಮೂರು ಕೆಲಸಗಳನ್ನು ಹೆಸರಿಸಿತು. ಸಿಸೇರಿಯನ್, ಹೊಟ್ಟೆ ತೆರೆದು ಮಾಡುವ ಶಸ್ತ್ರಚಿಕಿತ್ಸೆ, ಮೂಳೆ ಹೊರಬಂದ ಮುರಿತಕ್ಕೆ ಚಿಕಿತ್ಸೆ. ಈ ಮೂರೂ ಮಾಡುವ ಆಸ್ಪತ್ರೆ ಎರಡು ತಾಸಿನೊಳಗೆ ಸಿಗಬೇಕು.

ವರ್ಷಕ್ಕೆ ಲಕ್ಷ ಜನಕ್ಕೆ 5,000 ಶಸ್ತ್ರಚಿಕಿತ್ಸೆಗಳಾದರೂ ಆಗಬೇಕು ಎಂದೂ ಆಯೋಗ ಹೇಳಿತು. ಭಾರತಕ್ಕೆ ಈ ಸಂಖ್ಯೆ ಹೊಂದುತ್ತದೆಯೇ ಎಂದು ಅನುಮಾನಪಟ್ಟ ಮುಂಬೈಯ ಶಸ್ತ್ರವೈದ್ಯರು ಭಾಭಾ ಅಣು ಸಂಶೋಧನಾ ಕೇಂದ್ರದ ನೌಕರರು ಮತ್ತವರ ಕುಟುಂಬದವರ ದಾಖಲೆ ತೆಗೆದು ಲೆಕ್ಕಹಾಕಿದರು. ಖರ್ಚಿನ ಚಿಂತೆಯಿಲ್ಲದೆ ಚಿಕಿತ್ಸೆ ಸಿಗುವ ಆ ಜನರ ಲೆಕ್ಕವನ್ನು ದೇಶದ ಜನಸಂಖ್ಯೆಗೆ ಹೊಂದಿಸಿದಾಗ ಬಂದ ಸಂಖ್ಯೆ ಲಕ್ಷಕ್ಕೆ 3,646. ನಮ್ಮ ಐದು ತಾಲ್ಲೂಕುಗಳ ಜನಸಂಖ್ಯೆ ಹತ್ತು ಲಕ್ಷದ ಆಸುಪಾಸು. ಮುಂಬೈಯವರ ಈ ಲೆಕ್ಕ ಹಿಡಿದರೂ ವರ್ಷಕ್ಕೆ 36 ಸಾವಿರ ಶಸ್ತ್ರಚಿಕಿತ್ಸೆಗಳು ಇಲ್ಲಿಯ ಜನಕ್ಕೆ ಬೇಕು. ಹೊಲದಲ್ಲಿ ದುಡಿಯುವವರ ಪೆಟ್ಟುಗಳು ಕಚೇರಿಯಲ್ಲಿ ಕೂರುವವರಿಗಿಂತ ಹೆಚ್ಚೇ ಇರುತ್ತವೆ, ಕಡಿಮೆಯಲ್ಲ.

ಎರಡು ತಾಸಿನ ಮಾತು ಹೊಸಪೇಟೆ–ಚಿತ್ರದುರ್ಗ ಹೆದ್ದಾರಿಯ ಮೇಲೆ ನಿಂತು ನೋಡಿದರೆ ಸುಲಭ ಅನ್ನಿಸುತ್ತದೆ. ರಸ್ತೆ ಚೆನ್ನಾಗಿದೆ, 2008ರಿಂದ 108 ಆಂಬುಲೆನ್ಸ್ ಇದೆ. ಕೂಡ್ಲಿಗಿಯಿಂದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ (ಮೊದಲಿನ ವಿಮ್ಸ್) ಎರಡು ತಾಸಿನೊಳಗೇ. ಹರಪನಹಳ್ಳಿಯಿಂದ ದಾವಣಗೆರೆ ಇನ್ನೂ ಹತ್ತಿರ. ದಾವಣಗೆರೆಯ ಜಿಲ್ಲಾಸ್ಪತ್ರೆಗೆ ಚಿಗಟೇರಿ ಹೆಸರಿದೆ. ಚಿಗಟೇರಿ ಊರು ಇರುವುದು ಹರಪನಹಳ್ಳಿ ತಾಲ್ಲೂಕಿನಲ್ಲಿ. ಹೆಸರು ದಾವಣಗೆರೆಗೆ ಹೋಯಿತು, ರೋಗಿಗಳೂ ಅದರ ಹಿಂದೆಯೇ ಹೋಗುತ್ತಾರೆ. ಹಡಗಲಿಯ ಹೊಳೆದಂಡೆಯವರು ದಾವಣಗೆರೆಗೂ ಹೋಗುತ್ತಾರೆ, ತುಂಗಭದ್ರೆ ದಾಟಿ ಗದಗ, ಹುಬ್ಬಳ್ಳಿಗೂ ಹೋಗುತ್ತಾರೆ.

ಆದರೆ ರೋಗಿ ನಕ್ಷೆಯ ಮೇಲೆ ಪ್ರಯಾಣ ಮಾಡುವುದಿಲ್ಲ. ಮೊದಲು ಮನೆಯಲ್ಲಿ ಬೆಳಗಾಗಲಿ ಎಂದು ಕಾಯುತ್ತಾರೆ. ಆಮೇಲೆ ಊರಿನ ಆರೆಂಪಿ ಒಂದು ಸೂಜಿ ಹಾಕುತ್ತಾನೆ. ಆಮೇಲೆ ತಾಲ್ಲೂಕಾಸ್ಪತ್ರೆ. ಅಲ್ಲಿ ನೋಡಿ ಬರೆದುಕೊಡುತ್ತಾರೆ. ಸಂಜೆ ಹೊತ್ತಿಗೆ ಈ ಭಾಗದ ಯಾವ ತಾಲ್ಲೂಕಾಸ್ಪತ್ರೆಯ ಅಂಗಳದಲ್ಲಿ ನಿಂತರೂ ಫೋನು ಕಿವಿಗಿಟ್ಟವರ ಬಾಯಲ್ಲಿ ಒಂದೇ ಮಾತು: ‘ಇಲ್ಲಿ ಆಗಂಗಿಲ್ಲಂತ್ರಿ, ದಾವಣಗೆರಿಗೆ ಬರದುಕೊಟ್ಟಾರ.’ ಆ ಮಾತಿನ ಬೆನ್ನಿಗೇ ಲೆಕ್ಕ ಶುರು. ಜೊತೆಗೆ ಯಾರು ಬರುತ್ತಾರೆ, ದನಕ್ಕೆ ಮೇವು ಹಾಕುವವರಾರು, ಆಧಾರ್ ಎಲ್ಲಿದೆ, ಫೋನ್‌ಪೇಯಲ್ಲಿ ಎಷ್ಟಿದೆ. ಒಬ್ಬರು ಬಟ್ಟೆ ಗಂಟು ತರಲು ಊರಿಗೆ ಬೈಕ್ ಓಡಿಸುತ್ತಾರೆ. ಆಂಬುಲೆನ್ಸ್ ಚಾಲಕ ಗಡಿಯಾರ ನೋಡಿಕೊಂಡು ನಿಂತಿರುತ್ತಾನೆ. ಬರೆದುಕೊಟ್ಟ ಚೀಟಿಯಲ್ಲಿ ರೋಗಿಯ ಹೆಸರು, ವಯಸ್ಸು, ಬಿಪಿ, ಕೊಟ್ಟ ಇಂಜೆಕ್ಷನ್, ಹೊರಟ ಸಮಯ. ತಲುಪಿದ ಸಮಯ ಬೇರೆ ಜಿಲ್ಲೆಯ ಬೇರೆ ಆಸ್ಪತ್ರೆಯ ಪುಸ್ತಕದಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಯಾರ ಕೆಲಸವೂ ಅಲ್ಲ.

ತಾಯಂದಿರ ಸಾವಿಗೆ ಮೂರು ತಡಗಳು ಕಾರಣ ಎಂದು 1994ರಲ್ಲೇ ಸೆರೀನ್ ಥಡ್ಡಿಯಸ್ ಮತ್ತು ಡೆಬೊರಾ ಮೇನ್ ಬರೆದಿದ್ದರು. ಹೋಗಬೇಕೆಂದು ನಿರ್ಧರಿಸುವಲ್ಲಿ ತಡ, ತಲುಪುವಲ್ಲಿ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ತಡ. ನಮ್ಮಲ್ಲಿ ಮೂರನೆಯದು ಒಂದು ಆಸ್ಪತ್ರೆಯಲ್ಲಿ ಮುಗಿದು, ಎರಡನೆಯದು ಮತ್ತೆ ಮೊದಲಾಗುತ್ತದೆ.

ಪ್ರಶ್ನೆ ಯಾರದು?

ಯಾವ ಪ್ರಶ್ನೆಗೆ ಸಂಶೋಧನೆಯ ಹಣ ಹೋಗಬೇಕು ಎಂದು ನಿರ್ಧರಿಸಲು ಈಗ ಒಂದು ಪದ್ಧತಿಯೇ ಬೆಳೆದಿದೆ. ಬೇರೆ ಬೇರೆ ದೇಶಗಳ ಶಸ್ತ್ರವೈದ್ಯರಿಗೆ ಪ್ರಶ್ನೆಪಟ್ಟಿ ಕಳಿಸುತ್ತಾರೆ. ಬಂದ ಉತ್ತರಗಳನ್ನು ಹೆಸರು ಮರೆಮಾಚಿ ಅವರಿಗೇ ಮರಳಿ ಕಳಿಸಿ, ಅಂಕ ಹಾಕಿಸಿ, ಎರಡು ಮೂರು ಸುತ್ತಿನಲ್ಲಿ ಜರಡಿ ಹಿಡಿಯುತ್ತಾರೆ. ಇದಕ್ಕೆ ಡೆಲ್ಫಿ ವಿಧಾನ ಎಂದು ಹೆಸರು. ಪ್ರಾಚೀನ ಗ್ರೀಸಿನಲ್ಲಿ ಭವಿಷ್ಯವಾಣಿ ನುಡಿಯುತ್ತಿದ್ದ ಗುಡಿಯ ಊರು ಡೆಲ್ಫಿ. ಹಡಗಲಿ ತಾಲ್ಲೂಕಿನ ಮೈಲಾರದಲ್ಲೂ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಒಂದೇ ವಾಕ್ಯದ ಕಾರಣಿಕ ನುಡಿಯುತ್ತಾರೆ, ಲಕ್ಷಾಂತರ ಜನ ಅದನ್ನು ಮಳೆಗೂ ಬೆಳೆಗೂ ರಾಜಕೀಯಕ್ಕೂ ಹೊಂದಿಸಿಕೊಳ್ಳುತ್ತಾರೆ. ಮೈಲಾರದಲ್ಲಿ ಅರ್ಥ ಬಿಡಿಸುವ ಹಕ್ಕಾದರೂ ಜನರಿಗಿದೆ. ಸಂಶೋಧನೆಯ ಡೆಲ್ಫಿಯಲ್ಲಿ ಇ–ಮೇಲ್ ವಿಳಾಸವಿರುವ ತಜ್ಞನಿಗೆ ಮಾತ್ರ ಬಾಯಿ.

ವ್ಯಂಗ್ಯ ಅಷ್ಟಕ್ಕೇ ಇರಲಿ. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಮುಂದಾಳಾಗಿ, ಲೂಧಿಯಾನದ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಭಾರತದ ಕೇಂದ್ರವಾಗಿ ನಡೆಸಿದ ಕೆಲಸ ಈ ಪದ್ಧತಿಯಿಂದ ಒಳ್ಳೆಯದೂ ಆಗುತ್ತದೆ ಎಂದು ತೋರಿಸಿದೆ. ಬಡ ದೇಶಗಳ ಶಸ್ತ್ರವೈದ್ಯರು ಮುಂದಿಟ್ಟ ಸಮಸ್ಯೆಗಳಲ್ಲಿ ಗಾಯ ಕೀವಾಗುವುದೂ ಒಂದು. ಇದು ಸಣ್ಣ ವಿಷಯವಲ್ಲ. ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಸೋಂಕು ತಗಲುವವರು ಮುಂದುವರಿದ ದೇಶಗಳಲ್ಲಿ ಶೇ 9.4, ಮಧ್ಯಮ ದೇಶಗಳಲ್ಲಿ ಶೇ 14, ಹಿಂದುಳಿದ ದೇಶಗಳಲ್ಲಿ ಶೇ 23.2 ಎಂದು 66 ದೇಶಗಳ ಅಧ್ಯಯನವೊಂದು 2018ರಲ್ಲಿ ಹೇಳಿತ್ತು. ಕೂಲಿಯವಳಿಗೆ ಹೊಲಿಗೆ ಬಿಚ್ಚಿಕೊಂಡರೆ ತಿಂಗಳ ಕೂಲಿ ಹೋಯಿತು.

ಟ್ರೈಕ್ಲೋಸಾನ್ ಔಷಧ ಸವರಿದ ದುಬಾರಿ ಹೊಲಿಗೆ ದಾರ ಬಳಸಿದರೆ ಸೋಂಕು ತಗ್ಗುತ್ತದೆ ಎಂಬ ಸಲಹೆ ಮೊದಲಿನಿಂದ ಇತ್ತು. ಇದೇ ತಂಡದ ಫಾಲ್ಕನ್ ಎಂಬ ಪ್ರಯೋಗ ಭಾರತವೂ ಸೇರಿ ಏಳು ದೇಶಗಳ 5,788 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿತು. 2021ರಲ್ಲಿ ಬಂದ ಉತ್ತರ: ಪ್ರಯೋಜನವಿಲ್ಲ. ಚರ್ಮ ಒರೆಸಲು ಅಗ್ಗದ ಪೊವಿಡೋನ್ ಅಯೊಡಿನ್ ಬದಲು ದುಬಾರಿ ದ್ರಾವಣ ಬಳಸಿದರೂ ವ್ಯತ್ಯಾಸವಿಲ್ಲ. ಮರುವರ್ಷ ಚೀತಾ ಎಂಬ ಇನ್ನೊಂದು ಪ್ರಯೋಗ 13,301 ರೋಗಿಗಳಲ್ಲಿ ತೀರಾ ಸಾದಾ ಸಂಗತಿಯೊಂದನ್ನು ನೋಡಿತು: ಹೊಟ್ಟೆ ಹೊಲಿಯುವ ಮುನ್ನ ಇಡೀ ತಂಡ ಕೈಗವಸು ಬದಲಿಸಿ, ಬೇರೆ ಉಪಕರಣ ತೆಗೆದುಕೊಂಡರೆ? ಸೋಂಕು ಶೇ 18.9ರಿಂದ 16ಕ್ಕೆ ಇಳಿಯಿತು. ಕೂಡ್ಲಿಗಿಯಲ್ಲಿ ನಾಳೆ ಬೆಳಿಗ್ಗೆಯೇ ಮಾಡಬಹುದಾದ ಕೆಲಸ ಇದು, ಇನ್ನೊಂದು ಟ್ರೇ ಉಪಕರಣ ಇದ್ದರೆ.

ಆದರೂ ಇದು ಆಪರೇಷನ್ ಥಿಯೇಟರ್ ಬಾಗಿಲೊಳಗಿನ ಪ್ರಶ್ನೆ. ಶಸ್ತ್ರವೈದ್ಯರನ್ನು ಕೇಳಿದರೆ ಥಿಯೇಟರಿನ ಪ್ರಶ್ನೆಯೇ ಬರುತ್ತದೆ, ಅದು ಸಹಜ. ಬ್ರಿಟನ್ನಿನಲ್ಲಿ 2004ರಲ್ಲಿ ಹುಟ್ಟಿದ ಜೇಮ್ಸ್ ಲಿಂಡ್ ಅಲಯನ್ಸ್ ಎಂಬ ಕೂಟ ರೋಗಿಗಳನ್ನೂ ಅವರನ್ನು ನೋಡಿಕೊಳ್ಳುವವರನ್ನೂ ವೈದ್ಯರ ಜೊತೆ ಒಂದೇ ಮೇಜಿಗೆ ಕೂರಿಸಿ ಹತ್ತು ಪ್ರಶ್ನೆಗಳ ಪಟ್ಟಿ ಮಾಡಿಸುತ್ತದೆ. ಅಂಥ ಮೇಜೊಂದನ್ನು ಹಗರಿಬೊಮ್ಮನಹಳ್ಳಿಯಲ್ಲಿ ಹಾಕಿದರೆ ದಾರದ ಪ್ರಶ್ನೆ ಮೊದಲ ಹತ್ತರಲ್ಲಿ ಬರುವುದು ನನಗೆ ಅನುಮಾನ. ಆಶಾ ಕಾರ್ಯಕರ್ತೆ ರಾತ್ರಿ ಪಾಳಿಯ ಪ್ರಶ್ನೆ ಎತ್ತುತ್ತಾಳೆ. ಸ್ಟಾಫ್ ನರ್ಸ್ ರಕ್ತದ ಪ್ರಶ್ನೆ ಎತ್ತುತ್ತಾರೆ. ಆಂಬುಲೆನ್ಸಿನವನು, ಅವನನ್ನು ಯಾರಾದರೂ ಕೇಳಿದರೆ, ಮೂರು ಆಸ್ಪತ್ರೆ ತಿರುಗಿದ ಕಥೆ ಹೇಳುತ್ತಾನೆ.

ಅರಿವಳಿಕೆಯನ್ನೇ ನೋಡಿ. ಶಸ್ತ್ರವೈದ್ಯರಿದ್ದಾರೆ, ಹೆರಿಗೆ ವೈದ್ಯರಿದ್ದಾರೆ, ಟೇಬಲ್ ಇದೆ, ದೀಪ ಇದೆ. ಬೆನ್ನಿಗೆ ಇಂಜೆಕ್ಷನ್ ಕೊಡುವ ಡಾಕ್ಟರು ರಜೆಯಲ್ಲಿದ್ದರೆ ಇವೆಲ್ಲ ಇದ್ದೂ ಇಲ್ಲ. ಒಬ್ಬರೇ ಅರಿವಳಿಕೆ ತಜ್ಞರಿರುವ ಆಸ್ಪತ್ರೆಯಲ್ಲಿ ಅವರ ಮಗಳ ಮದುವೆಯೂ ಒಂದು ಆರೋಗ್ಯ ಸಮಸ್ಯೆ. ಇದಕ್ಕೆಂದೇ ಎಂಬಿಬಿಎಸ್ ವೈದ್ಯರಿಗೆ ತುರ್ತು ಅರಿವಳಿಕೆ ತರಬೇತಿ ಕೊಡುವ ಕಾರ್ಯಕ್ರಮ ದೇಶದಲ್ಲಿದೆ. ತರಬೇತಿ ಮುಗಿಸಿದವರಲ್ಲಿ ಎಷ್ಟು ಮಂದಿ ನಿಜಕ್ಕೂ ಸೂಜಿ ಹಿಡಿಯುತ್ತಾರೆ, ಹಿಡಿಯದವರು ಯಾಕೆ ಹಿಂಜರಿಯುತ್ತಾರೆ? ಕೇಸು ಬಿದ್ದರೆ ಯಾರು ಹೊಣೆ ಎಂಬ ಹೆದರಿಕೆಯೇ, ತಜ್ಞರ ಅಸಮಾಧಾನವೇ, ವರ್ಗಾವಣೆಯೇ? ಹೊಸ ಔಷಧ ಬೇಡ, ಹೊಸ ಯಂತ್ರ ಬೇಡ. ವಿಜಯನಗರ, ಬಳ್ಳಾರಿ, ಕೊಪ್ಪಳ ಮೂರು ಜಿಲ್ಲೆಗಳಲ್ಲಿ ಕೂತು ಕೇಳಿದರೆ ಉತ್ತರ ಸಿಗುವ ಪ್ರಶ್ನೆ.

ರಕ್ತದ್ದು ಇನ್ನೂ ತೊಡಕು. 1996ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ರಕ್ತ ಮಾರುವ ದಂಧೆ ನಿಂತಿತು, ರಕ್ತನಿಧಿಗಳಿಗೆ ಪರವಾನಗಿ ಬಿಗಿಯಾಯಿತು. ಆಗಬೇಕಾದದ್ದೇ. ಅದರ ಜೊತೆಗೆ ಹಳ್ಳಿಯ ಶಸ್ತ್ರವೈದ್ಯ ನೆಂಟರಿಂದ ರಕ್ತ ತೆಗೆದು, ಪರೀಕ್ಷಿಸಿ, ಅಲ್ಲೇ ಹಾಕುತ್ತಿದ್ದ ರೂಢಿಯೂ ಕಾನೂನಿನ ಆಚೆ ಬಿತ್ತು. ತಾಲ್ಲೂಕಾಸ್ಪತ್ರೆಗಳಿಗೆ ಈಗ ಇರುವ ದಾರಿ ಸಂಗ್ರಹ ಘಟಕ: ತಾಯಿ ರಕ್ತನಿಧಿಯಿಂದ ತಂದ ನಾಲ್ಕಾರು ಚೀಲ ಫ್ರಿಜ್ಜಿನಲ್ಲಿಡುವುದು. ಬೇಕಾದ ಗುಂಪಿನದು ಬೇಕಾದ ರಾತ್ರಿ ಇರುತ್ತದೆಯೇ? ಗ್ರಾಮೀಣ ಶಸ್ತ್ರವೈದ್ಯರ ಸಂಘ ವರ್ಷಗಳಿಂದ ಕೇಳುತ್ತಿದೆ, ಕಟ್ಟುನಿಟ್ಟಾದ ಪರೀಕ್ಷೆಯೊಂದಿಗೆ ಹಳೆಯ ದಾರಿಯನ್ನು ತುರ್ತಿಗೆ ತೆರೆಯಿರಿ ಎಂದು. ಸುರಕ್ಷಿತವೋ ಅಲ್ಲವೋ ಎಂಬುದನ್ನು ವಾದ ಹೂಡಿ ತೀರ್ಮಾನಿಸಲಾಗದು, ಅಧ್ಯಯನವೇ ಆಗಬೇಕು.

ಬಾಟ್ಲಿಯ ಪ್ರಶ್ನೆ

2024ರ ನವೆಂಬರ್ 9ರಿಂದ 11ರವರೆಗೆ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ 34 ಸಿಸೇರಿಯನ್ ಹೆರಿಗೆಗಳಾದವು. ಏಳು ಬಾಣಂತಿಯರ ಸ್ಥಿತಿ ಬಿಗಡಾಯಿಸಿತು. ನಾಲ್ವರು ಆ ತಿಂಗಳಲ್ಲೇ ತೀರಿಕೊಂಡರು, ಐದನೆಯವರು ಡಿಸೆಂಬರ್ 5ರಂದು. ಅನುಮಾನ ಬಿದ್ದದ್ದು ಆಪರೇಷನ್ ಹೊತ್ತಿನಲ್ಲಿ ನರಕ್ಕೆ ಹಾಕುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಜನರ ಬಾಯಲ್ಲಿ ಅದು ಗ್ಲೂಕೋಸ್ ಬಾಟ್ಲಿ. ಪಶ್ಚಿಮ ಬಂಗಾಳದ ಕಂಪನಿಯೊಂದು ಪೂರೈಸಿದ ದ್ರಾವಣ ಅದು. ರಾಜ್ಯದ ಪ್ರಯೋಗಾಲಯ ಹಿಂದೆಯೇ ಅದರ ಕೆಲವು ಬ್ಯಾಚ್‌ಗಳಿಗೆ ಗುಣಮಟ್ಟವಿಲ್ಲ ಎಂದಿತ್ತು, ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದಿತ್ತು. ಸಾವುಗಳ ನಂತರ ಬಳಕೆ ನಿಂತಿತು, ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ರಾಜ್ಯ ಸರ್ಕಾರ ಆ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಸಾವುಗಳ ಪರಿಶೋಧನೆ ಮಾಡಿಸಿತು. ಶೇ 70ಕ್ಕೂ ಹೆಚ್ಚು ಸಾವುಗಳನ್ನು ತಡೆಯಬಹುದಿತ್ತು ಎಂಬುದು ಅದು ಕಂಡುಕೊಂಡ ಉತ್ತರ.

ಈ ಪ್ರಕರಣವನ್ನು ಭ್ರಷ್ಟಾಚಾರದ ಕಥೆಯಾಗಿ, ಕೇಂದ್ರ–ರಾಜ್ಯ ಜಗಳವಾಗಿ ಸಾಕಷ್ಟು ಓದಿದ್ದೇವೆ. ನನಗೆ ಅದು ಕೇಳದೇ ಉಳಿದ ಪ್ರಶ್ನೆಯ ಕಥೆಯಾಗಿಯೂ ಕಾಣುತ್ತದೆ. ಎರಡು ಪ್ರಯೋಗಾಲಯ ಎರಡು ಉತ್ತರ ಕೊಟ್ಟಾಗ ಮೂರನೆಯ ಸಾಕ್ಷಿ ಆಸ್ಪತ್ರೆಗಳಲ್ಲೇ ಇರುತ್ತದೆ. ಯಾವ ಬ್ಯಾಚು ಯಾರಿಗೆ ಹೋಯಿತು, ಆಮೇಲೆ ಯಾರಿಗೆ ಚಳಿಜ್ವರ ಬಂತು, ಯಾರ ಮೂತ್ರ ನಿಂತಿತು ಎಂಬ ಲೆಕ್ಕ. ಅದನ್ನು ದಿನವೂ ಬರೆದಿಡುವ, ವಾರಕ್ಕೊಮ್ಮೆ ಕೂಡಿಸಿ ನೋಡುವ ಏರ್ಪಾಡು ಇದ್ದರೆ ಮೊದಲ ತಾಯಿಯ ಕಾಯಿಲೆಯೇ ಎಚ್ಚರಿಕೆಯ ಗಂಟೆಯಾಗುತ್ತಿತ್ತು. ಶಸ್ತ್ರಚಿಕಿತ್ಸೆಯ ನಂತರದ 30 ದಿನಗಳಲ್ಲಿ ಜಗತ್ತಿನಲ್ಲಿ ವರ್ಷಕ್ಕೆ 42 ಲಕ್ಷ ಜನ ಸಾಯುತ್ತಾರೆ ಎಂದು 2019ರ ಅಂದಾಜು. ಏಡ್ಸ್, ಕ್ಷಯ, ಮಲೇರಿಯಾ ಮೂರೂ ಸೇರಿ ಕೊಲ್ಲುವುದಕ್ಕಿಂತ ಹೆಚ್ಚು. ಈ 30 ದಿನಗಳಲ್ಲಿ ಹೆಚ್ಚಿನವನ್ನು ರೋಗಿ ಕಳೆಯುವುದು ಮನೆಯಲ್ಲಿ, ಯಾವ ರಿಜಿಸ್ಟರ್‌ಗೂ ಸಿಗದೆ. ಕರ್ನಾಟಕದಲ್ಲಿ ಸಿಸೇರಿಯನ್ ಪ್ರಮಾಣ 2015–16ರಲ್ಲಿ ಶೇ 23.6 ಇದ್ದದ್ದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಶೇ 31.5ಕ್ಕೆ ಏರಿದೆ. ತಾಯಂದಿರ ಮರಣ ಪ್ರಮಾಣದಲ್ಲಿ ಮಾತ್ರ 2018–20ರ ಲೆಕ್ಕಕ್ಕೆ ಲಕ್ಷ ಜೀವಂತ ಜನನಕ್ಕೆ ನಾವು 69, ಕೇರಳ 19. ಕೊಯ್ಯುವುದು ಹೆಚ್ಚಿತು, ಕೊಯ್ದ ಮೇಲಿನ ಕಾವಲು?

ಸಾಧಾರಣ ಪ್ರಶ್ನೆ ಕೇಳಿ ಜಗತ್ತನ್ನೇ ಬದಲಿಸಿದವರು ನಮ್ಮ ನೆರೆಯಲ್ಲೇ ಇದ್ದಾರೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಭಾಲಚಂದ್ರ ಕೊಡಕಣಿ, ಶಿವಪ್ರಸಾದ ಗೌಡರ ಮತ್ತು ಅಮೆರಿಕದ ಜೊತೆಗಾರರು 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿದರು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರುವ ಹೆಂಗಸಿಗೆ ರಕ್ತಸ್ರಾವ ತಡೆಯಲು ಎಎನ್ಎಂ ಸಿಸ್ಟರು ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರೆ ಸಾಕೇ? ಫ್ರಿಜ್ಜು ಬೇಡ, ಸೂಜಿ ಬೇಡ, ಡಾಕ್ಟರು ಬೇಡ. 1,620 ಹೆಂಗಸರಲ್ಲಿ ನೋಡಿದಾಗ ಅತಿಸ್ರಾವ ಶೇ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಅದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗೆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಆ ಪ್ರಯೋಗದ ಒಂದು ಸಣ್ಣ ವಸ್ತು ನನಗೆ ಮಾತ್ರೆಗಿಂತ ಹೆಚ್ಚು ಇಷ್ಟ. ಎಷ್ಟು ರಕ್ತ ಹೋಯಿತು ಎಂದು ಕಣ್ಣಂದಾಜಿನಲ್ಲಿ ಹೇಳಿದರೆ ಯಾವಾಗಲೂ ಕಡಿಮೆಯೇ ಬರುತ್ತದೆ. ಸೀರೆ, ಗೋಣಿ, ನೆಲ ಎಲ್ಲ ಹೀರಿಕೊಂಡಿರುತ್ತದೆ. ಅದಕ್ಕೆ ಹೆರುವವಳ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ತುದಿಗೆ ಅಳತೆ ಗೆರೆಯ ಚೀಲ ಮಾಡಿಕೊಂಡರು. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ನಡೆದ ಇ–ಮೋಟಿವ್ ಪ್ರಯೋಗ ಅಂಥದೇ ಅಳತೆಯ ಹಾಳೆ ಹಾಸಿ, ಗೆರೆ ಮುಟ್ಟಿದೊಡನೆ ಚಿಕಿತ್ಸೆಗಳನ್ನೆಲ್ಲ ಒಟ್ಟಿಗೆ ಶುರುಮಾಡಿ, ತೀವ್ರ ಸ್ರಾವ ಮತ್ತು ಅದರ ಪರಿಣಾಮಗಳನ್ನು ಶೇ 60ರಷ್ಟು ಇಳಿಸಿ ತೋರಿಸಿತು.

ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯಿಚಾದ ಶಸ್ತ್ರವೈದ್ಯ ರವೀಂದ್ರನಾಥ ಟೋಂಗಾಂವಕರ್ ಇನ್ನೂ ಒಂದು ಹೆಜ್ಜೆ ಮುಂದೆ. ಹರ್ನಿಯಾಕ್ಕೆ ಕಂಪನಿ ಮೆಶ್ ಕೊಳ್ಳಲು ರೋಗಿಗಳಿಗೆ ಆಗದು ಎಂದು 1990ರ ದಶಕದಲ್ಲಿ ಸೊಳ್ಳೆಪರದೆಯ ಬಟ್ಟೆಯನ್ನೇ ಶುದ್ಧಿಮಾಡಿ ಹಾಕತೊಡಗಿದರು. ಪಟ್ಟಣದ ದೊಡ್ಡವರು ನಕ್ಕಿರಬೇಕು. 2016ರಲ್ಲಿ ಉಗಾಂಡದ ಪ್ರಯೋಗವೊಂದು ಸೊಳ್ಳೆಪರದೆಯ ಮೆಶ್‌ಗೂ ಕಂಪನಿ ಮೆಶ್‌ಗೂ ಫಲಿತಾಂಶದಲ್ಲಿ ವ್ಯತ್ಯಾಸವಿಲ್ಲ ಎಂದಿತು. ಮೂಟೆ ಹೊರುವವರ, ಬಾವಿ ತೋಡುವವರ ಊರುಗಳಲ್ಲಿ ಹರ್ನಿಯಾ ಎಷ್ಟಿದೆ, ಎಷ್ಟು ವರ್ಷ ಲಂಗೋಟಿ ಬಿಗಿದುಕೊಂಡೇ ಕಳೆಯುತ್ತಾರೆ ಎಂಬುದಕ್ಕೆ ಇನ್ನು ಒಂದು ಮನೆಮನೆ ಲೆಕ್ಕ ಸಾಕು.

ಕರಡಿ, ಗುಳೆ, ಮತ್ತೆ ಚೀಟಿ

ಯಾವ ಡೆಲ್ಫಿಯಲ್ಲೂ ಬಾರದ ಪ್ರಶ್ನೆಯೊಂದು ಕೂಡ್ಲಿಗಿಯಲ್ಲಿದೆ. ಗುಡೇಕೋಟೆಯ ಬಂಡೆಗುಡ್ಡಗಳು ಕರಡಿಗಳ ನೆಲೆ. 2013ರಿಂದ ಅಲ್ಲಿ ಕರಡಿಧಾಮವಿದೆ. ಕರಡಿ ಹಿಂಗಾಲ ಮೇಲೆದ್ದು ಮುಖಕ್ಕೇ ಕೈ ಹಾಕುತ್ತದೆ. ನೆತ್ತಿಯ ಚರ್ಮ, ಕಣ್ಣು, ಮೂಗು, ದವಡೆ ಒಟ್ಟಿಗೇ ಹೋಗುತ್ತವೆ. ದವಡೆ ಕೂಡಿಸುವವರು ಒಬ್ಬರು, ಕಣ್ಣು ನೋಡುವವರು ಒಬ್ಬರು, ಚರ್ಮ ಕಸಿ ಮಾಡುವವರು ಇನ್ನೊಬ್ಬರು. ಬಳ್ಳಾರಿಗೋ ದಾವಣಗೆರೆಗೋ ಹಲವು ಸಲ ಅಲೆಯಬೇಕು. ಮೊದಲ ಹೊಲಿಗೆಯನ್ನು ತಾಲ್ಲೂಕಿನಲ್ಲೇ ಹಾಕಬೇಕೋ, ತೊಳೆದು ಮುಚ್ಚಿ ಕಳಿಸಬೇಕೋ? ಇಲ್ಲಿಯ ವೈದ್ಯರಿಗೆ ನಿಜಕ್ಕೂ ಬೇಕಾದ ಉತ್ತರ ಅದು. ಇನ್ನೊಂದು ಪ್ರಶ್ನೆ ವೈದ್ಯಕೀಯದ್ದೇ ಅಲ್ಲ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಕೊಟ್ಟರೆ ರೈತ ನೀರು ಕಟ್ಟಲು ರಾತ್ರಿಯೇ ಹೊಲಕ್ಕೆ ಹೋಗಬೇಕು, ಕರಡಿ ಓಡಾಡುವ ಹೊತ್ತೂ ಅದೇ. ಕರೆಂಟಿನ ವೇಳಾಪಟ್ಟಿಯನ್ನೂ ಗಾಯಾಳುಗಳ ರಿಜಿಸ್ಟರನ್ನೂ ಒಟ್ಟಿಗಿಟ್ಟು ನೋಡಿದರೆ ಮುಖದ ಶಸ್ತ್ರಚಿಕಿತ್ಸೆಯ ಅತಿ ಅಗ್ಗದ ಉಪಾಯ ಜೆಸ್ಕಾಂ ಕಚೇರಿಯಲ್ಲಿ ಸಿಕ್ಕರೂ ಸಿಗಬಹುದು.

ಬೇಡದ ಆಪರೇಷನ್ನಿನ ಪ್ರಶ್ನೆಯೂ ಇದೆ. ಕಲಬುರಗಿಯಲ್ಲಿ ಲಂಬಾಣಿ ಮತ್ತು ದಲಿತ ಹೆಂಗಸರ ಗರ್ಭಕೋಶಗಳನ್ನು ವಿನಾಕಾರಣ ತೆಗೆದ ಆರೋಪ ಎದ್ದು, 2015ರಲ್ಲಿ ಖಾಸಗಿ ಆಸ್ಪತ್ರೆಗಳ ಮೇಲೆ ಕ್ರಮವಾಯಿತು. 2019ರಲ್ಲಿ ಮಹಾರಾಷ್ಟ್ರದ ಬೀಡ್‌ನಲ್ಲಿ ಕಬ್ಬು ಕಡಿಯುವ ಹೆಂಗಸರ ವಿಷಯ ಹೊರಬಂತು. 2023ರಲ್ಲಿ ಸುಪ್ರೀಂ ಕೋರ್ಟ್ ಇಂಥವನ್ನು ತಡೆಯುವ ಮಾರ್ಗಸೂಚಿ ಜಾರಿಗೆ ತರಲು ರಾಜ್ಯಗಳಿಗೆ ಹೇಳಿತು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ತಾಂಡಾಗಳಿಂದಲೂ ಹೆಂಗಸರು ಗುಳೆ ಹೋಗುತ್ತಾರೆ. ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಊರಲ್ಲಿ, ಏನು ಹೇಳಿ ತೆಗೆದರು ಎಂದು ತಾಂಡಾ ಹೊಕ್ಕು ಕೇಳಿದವರು ಬೇಕು. ಬಡವರಿಗೆ ಆಪರೇಷನ್ ಸಿಗುವುದಿಲ್ಲ ಎಂಬುದು ಅರ್ಧ ಸತ್ಯ. ಬೇಕಾದದ್ದು ಸಿಗುವುದಿಲ್ಲ, ಬೇಡದ್ದು ಸಲೀಸಾಗಿ ಸಿಗುತ್ತದೆ.

ನನ್ನನ್ನು ಕೇಳಿದರೆ ಇವೆಲ್ಲಕ್ಕಿಂತ ಮೊದಲ ಸರದಿ ಆ ಚೀಟಿಯದು. ಕಾರಣ, ಉಳಿದ ಪ್ರಶ್ನೆಗಳೆಲ್ಲ ಅದರೊಳಗೇ ಇವೆ. ಅರಿವಳಿಕೆ ಇಲ್ಲದ್ದಕ್ಕೆ ಬರೆದುಕೊಟ್ಟರೋ, ರಕ್ತ ಇಲ್ಲದ್ದಕ್ಕೋ, ಎಲ್ಲ ಇದ್ದೂ ಭಯಕ್ಕೋ ಎಂದು ಚೀಟಿ ಹೇಳುತ್ತದೆ. ಹಾದಿಯಲ್ಲಿ ಎಷ್ಟು ಹೊತ್ತಾಯಿತು, ಅಲ್ಲಿ ಸೇರಿಸಿಕೊಂಡರೋ ಮತ್ತೊಂದು ಕಡೆ ಅಟ್ಟಿದರೋ, ಸರ್ಕಾರಿ ಆಸ್ಪತ್ರೆಗೆಂದು ಹೊರಟವರು ನಡುವೆ ಯಾವ ನರ್ಸಿಂಗ್ ಹೋಮಿಗೆ ಇಳಿದರು, ಮೂವತ್ತನೆಯ ದಿನ ಹೇಗಿದ್ದರು? ತಾಲ್ಲೂಕು ಒಂದು ಜಿಲ್ಲೆಯದು, ಆಸ್ಪತ್ರೆ ಇನ್ನೊಂದು ಜಿಲ್ಲೆಯದು ಆದ್ದರಿಂದ ಹರಪನಹಳ್ಳಿಯ ಕಥೆ ಎರಡು ಕಚೇರಿಗಳ ನಡುವೆ ಹರಿದುಹೋಗುತ್ತದೆ. ಅದನ್ನು ಹೊಲಿಯಲು ಬೇರೆಯವರೇ ಬೇಕು.

ದುಡ್ಡಿಲ್ಲ ಎನ್ನುವಂತಿಲ್ಲ. ಪ್ರಾದೇಶಿಕ ಅಸಮತೋಲನ ಕುರಿತ 2002ರ ನಂಜುಂಡಪ್ಪ ವರದಿ ಕೂಡ್ಲಿಗಿ, ಹರಪನಹಳ್ಳಿಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು ಗುರುತಿಸಿತ್ತು; ಇಂಥ ಹಿಂದುಳಿದ ಭಾಗಕ್ಕೆಂದೇ ಇರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರಲ್ಲಿ 5,000 ಕೋಟಿ ರೂಪಾಯಿ ಇಟ್ಟಿದ್ದರು. ಕಟ್ಟಡಕ್ಕೆ ಹೋಗುವುದರಲ್ಲಿ ಒಂದು ಕಾಂಪೌಂಡ್ ಗೋಡೆಯ ಹಣ ಸಾಕು. ಜನವೂ ಇದ್ದಾರೆ. ಬಳ್ಳಾರಿಯ ವೈದ್ಯಕೀಯ ಕಾಲೇಜು, ದಾವಣಗೆರೆಯ ಜೆಜೆಎಂ ವೈದ್ಯಕೀಯ ಕಾಲೇಜುಗಳ ಪ್ರತಿ ಸ್ನಾತಕೋತ್ತರ ವಿದ್ಯಾರ್ಥಿಯೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಒಂದು ಪ್ರಬಂಧ ಬರೆಯಲೇಬೇಕು. ಹಲವು ವಿಷಯಗಳು ಪಠ್ಯಪುಸ್ತಕದಲ್ಲಿ ಉತ್ತರ ಇರುವಂಥವೇ, ಬೈಂಡ್ ಆಗಿ ಕಪಾಟು ಸೇರುತ್ತವೆ. 2020ರ ನಿಯಮದಂತೆ ಈ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ಕೆಲಸ ಮಾಡಬೇಕು. ಶಸ್ತ್ರಚಿಕಿತ್ಸೆ, ಹೆರಿಗೆ, ಅರಿವಳಿಕೆ, ಸಮುದಾಯ ವೈದ್ಯ ವಿಭಾಗಗಳಿಂದ ಒಬ್ಬೊಬ್ಬರು ಸೇರಿ ಐದು ತಾಲ್ಲೂಕುಗಳ ಚೀಟಿಗಳನ್ನು ಒಂದು ವರ್ಷ ಬೆನ್ನು ಹತ್ತಿದರೆ ನಾಲ್ಕು ಪ್ರಬಂಧಗಳೂ ಆದವು, ಜಿಲ್ಲೆಗೆ ಒಂದು ಲೆಕ್ಕವೂ ಆಯಿತು. ಬೇಕಾದ್ದು ಸಂಶೋಧನೆಯ ನೈತಿಕತಾ ಸಮಿತಿಯ ಒಪ್ಪಿಗೆ, ಎರಡೂ ಕಡೆಯ ರಿಜಿಸ್ಟರ್ ನೋಡಲು ಅಪ್ಪಣೆ, ಮೂವತ್ತನೆಯ ದಿನ ಮನೆಗೆ ಹೋಗಿ ಕೇಳಲು ಆಶಾ ಕಾರ್ಯಕರ್ತೆಗೆ ಭೇಟಿಗಿಷ್ಟು ಎಂದು ಗೌರವಧನ. ಶೇಂಗಾ ಒಕ್ಕಣೆಯ ಸುಗ್ಗಿಗೆ ಮುಂಚೆ ಶುರುಮಾಡಿದರೆ ಯಂತ್ರಕ್ಕೆ ಕೈ ಕೊಟ್ಟವರ ಲೆಕ್ಕವೂ ಮೊದಲ ವರ್ಷದಲ್ಲೇ ಸಿಗುತ್ತದೆ.